ಮನೆಗೊಂದು ಅಸಲಿ ಚಿತ್ರ: ಕೊಳ್ಳುವ ಮುಂಚೆ ಏನು ನೋಡಬೇಕು, ಏನು ಕೇಳಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಜೇಬಿನಲ್ಲಿದ್ದರೆ, ಚಿತ್ರ ಕೊಳ್ಳುವಾಗಿನ ಅರ್ಧ ಅನುಮಾನ ನಿಂತಲ್ಲೇ ಬಗೆಹರಿಯುತ್ತದೆ. ಚಿತ್ರದ ಹತ್ತಿರ ಹಿಡಿದು ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಅಚ್ಚುಕಟ್ಟಾಗಿ, ಸಣ್ಣ ಸಣ್ಣ ಸುತ್ತುಗಳಲ್ಲಿ ಕೂತಿವೆಯಾ? ಅದು ಕ್ಯಾಲೆಂಡರ್ ಅಚ್ಚಾಗುವ ಆಫ್‌ಸೆಟ್ ಯಂತ್ರದ ಕೆಲಸ. ಚುಕ್ಕೆಗಳಿವೆ, ಆದರೆ ಸಾಲಿಲ್ಲ, ಸುಮ್ನೆ ಎಲ್ಲೆಂದರಲ್ಲಿ ಸಿಡಿದಂತಿವೆಯಾ? ಅದು ಇಂಕ್‌ಜೆಟ್ ಪ್ರಿಂಟ್. ಚುಕ್ಕೆಯೇ ಇಲ್ಲ, ಒಂದು ಬಣ್ಣ ಇನ್ನೊಂದನ್ನು ಎಳೆದುಕೊಂಡು ಹೋಗಿದೆ, ಮೂಲೆಯಲ್ಲೊಂದು ಕುಂಚದ ಕೂದಲೂ ಅಂಟಿಕೊಂಡಿದೆ ಅಂದರೆ, ಅದು ಕೈಯಲ್ಲಿ ಬಳಿದ ಬಣ್ಣ.

ಇಷ್ಟಕ್ಕೇ ನಂಬಿಬಿಡಬೇಡಿ. ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಪಾರದರ್ಶಕ ಜೆಲ್ ಬಳಿದು ಮಾರುವವರಿದ್ದಾರೆ. ಬೆರಳಿಗೆ ಉಬ್ಬುತಗ್ಗು ಸಿಗುತ್ತದೆ, ಕಣ್ಣು ಮೋಸಹೋಗುತ್ತದೆ. ಇದನ್ನು ಹಿಡಿಯುವುದು ಸುಲಭ. ಮೊಬೈಲಿನ ಟಾರ್ಚನ್ನು ಚಿತ್ರದ ಪಕ್ಕದಿಂದ, ತೀರಾ ಓರೆಯಾಗಿ ಬಿಡಿ. ಬಣ್ಣದ ಗೆರೆ ಒಂದು ದಿಕ್ಕಿಗೆ ಹೋಗುತ್ತಿದೆ, ಉಬ್ಬು ಇನ್ನೊಂದು ದಿಕ್ಕಿಗೆ ಹೋಗುತ್ತಿದೆ ಅಂದರೆ ಅದು ಜೆಲ್ಲಿನ ಆಟ. ನಿಜವಾದ ಚಿತ್ರದಲ್ಲಿ ಬಣ್ಣ ಬದಲಾದ ಕಡೆಯೇ ಅದರ ದಪ್ಪವೂ ಬದಲಾಗುತ್ತದೆ.

ಆಮೇಲೆ ಚಿತ್ರವನ್ನು ತಿರುಗಿಸಿ. ಅನುಭವಿಗಳು ಮುಂಬದಿಯಷ್ಟೇ ಹೊತ್ತು ಹಿಂಬದಿಯನ್ನೂ ನೋಡುತ್ತಾರೆ. ಕ್ಯಾನ್ವಾಸನ್ನು ಎಳೆದು ಕಟ್ಟಿದ ಮರದ ಚೌಕಟ್ಟು, ಅದರ ಮೂಲೆಗಳಲ್ಲಿ ಬಿಗಿ ಹೆಚ್ಚಿಸಲು ಸಿಕ್ಕಿಸಿದ ಸಣ್ಣ ಬೆಣೆಗಳು, ಅಂಚಿನಲ್ಲಿ ಇಳಿದು ಒಣಗಿದ ಬಣ್ಣ, ಕಲಾವಿದರ ಕೈಬರಹದಲ್ಲಿ ಹೆಸರು, ವರ್ಷ, ಶೀರ್ಷಿಕೆ, ಹಳೆಯ ಪ್ರದರ್ಶನದ ಚೀಟಿ. ಕೆಲಸ ಮಾಡುತ್ತಾ ಮಾಡುತ್ತಾ ಇವೆಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ಹಿಂಬದಿಯನ್ನು ತೋರಿಸಲು ಹಿಂದೆಮುಂದೆ ನೋಡುವ ಮಾರಾಟಗಾರರ ಹತ್ತಿರ ವ್ಯವಹಾರ ಮುಂದುವರಿಸುವ ಅಗತ್ಯವಿಲ್ಲ.

ಹಾಗಂತ, ಕೈಯಲ್ಲಿ ಬಿಡಿಸಿದ್ದೆಲ್ಲ ಅಸಲಿ ಅಂತಲೂ ಅಲ್ಲ. ಚೀನಾದ ಶೆನ್‌ಜೆನ್ ನಗರದಲ್ಲಿ ದಾಫೆನ್ ಅಂತ ಒಂದು ಊರಿದೆ. ಹೆಸರಾಂತ ಚಿತ್ರಗಳನ್ನು ನೋಡಿ ನೋಡಿ ಕೈಯಿಂದಲೇ ತೈಲವರ್ಣದ ನಕಲು ಮಾಡುವುದಕ್ಕೆ ಅದು ಜಗತ್ತಿಗೇ ಗೊತ್ತು. ಅಲ್ಲಿಂದ ಬಂದ ಚಿತ್ರ ನೂರಕ್ಕೆ ನೂರು ಕೈಕೆಲಸ. ಆದರೂ ಆ ಕಲ್ಪನೆ ಬಿಡಿಸಿದವರದಲ್ಲ, ಅಂಥದ್ದೇ ಚಿತ್ರ ಎಷ್ಟೋ ಮನೆಗಳಲ್ಲಿದೆ. ನಕಲು ಅಂತ ಹೇಳಿ ನಕಲಿನ ಬೆಲೆಗೆ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ‘ಹ್ಯಾಂಡ್ ಪೇಂಟೆಡ್’ ಅನ್ನುವ ಚೀಟಿ ಅಂಟಿಸಿ, ಉಳಿದದ್ದನ್ನು ನಿಮ್ಮ ಊಹೆಗೆ ಬಿಟ್ಟಾಗ ಮಾತ್ರ ತಕರಾರು.

ಹಾಗಾಗಿ ಯಾವ ಚಿತ್ರದ ಮುಂದೆ ನಿಂತರೂ ಎರಡು ಪ್ರಶ್ನೆ ಕೇಳಿ. ಇದರಲ್ಲಿ ಯಾರ ಕಲ್ಪನೆ, ಯಾರ ಕೈ ಇದೆ? ಇಂಥದ್ದು ಇನ್ನೆಷ್ಟಿವೆ? ಬೆಲೆ, ಕಾಗದಪತ್ರ, ಮುಂದೆ ಮಾರುವ ಮಾತು ಎಲ್ಲವೂ ಸುತ್ತಿ ಬಳಸಿ ಈ ಎರಡಕ್ಕೇ ಬಂದು ನಿಲ್ಲುತ್ತವೆ.

ಅಚ್ಚಿನ ಚಿತ್ರದ ಗೊಂದಲ

ಜನ ಜಾಸ್ತಿ ಎಡವುವುದು ಪ್ರಿಂಟ್‌ಗಳ ವಿಷಯದಲ್ಲಿ. ಯಾಕೆಂದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳಿಗೆ ಒಂದೇ ಹೆಸರಿದೆ. ಮೊದಲನೆಯದು, ಇರುವ ಪೇಂಟಿಂಗಿನ ಫೋಟೊ ತೆಗೆದು ಕಾಗದಕ್ಕೆ ಇಳಿಸಿದ ಪ್ರತಿ. ಎರಡನೆಯದು ತಗಡು, ಮರ, ಲಿನೋಲಿಯಂ, ಕಲ್ಲು, ಪರದೆಯ ಮೇಲೆ ಚಿತ್ರ ಸಿದ್ಧಮಾಡಿ ಅಲ್ಲಿಂದ ಕಾಗದಕ್ಕೆ ಅಚ್ಚು ತೆಗೆಯುವ ಎಚಿಂಗ್, ವುಡ್‌ಕಟ್, ಲಿನೋಕಟ್, ಲಿಥೋಗ್ರಾಫ್, ಸ್ಕ್ರೀನ್ ಪ್ರಿಂಟ್ ಇತ್ಯಾದಿ. ಇಲ್ಲಿ ಅಚ್ಚಿಗೆ ಮುಂಚೆ ಚಿತ್ರ ಅನ್ನುವುದೇ ಇರುವುದಿಲ್ಲ. ಅಚ್ಚಾಗಿ ಬಂದ ಪ್ರತಿಯೊಂದು ಹಾಳೆಯೂ ಮೂಲಕೃತಿಯೇ.

ಎಚಿಂಗ್ ಹೇಗಾಗುತ್ತದೆ ಅಂತ ಸ್ವಲ್ಪ ನೋಡಿದರೆ ಇದು ತಿಳಿಯುತ್ತದೆ. ತಾಮ್ರದ ತಗಡಿಗೆ ಮೇಣದಂಥ ತೆಳು ಲೇಪ ಹಚ್ಚುತ್ತಾರೆ. ಸೂಜಿಯಿಂದ ಲೇಪವನ್ನು ಕೆರೆದು ಚಿತ್ರ ಬರೆಯುತ್ತಾರೆ. ತಗಡನ್ನು ಆಸಿಡ್‌ನಲ್ಲಿ ಇಳಿಸಿದಾಗ, ಲೇಪ ಹೋದ ಜಾಗದಲ್ಲಷ್ಟೇ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ಇಟ್ಟರೆ ಗೆರೆ ಆಳ, ಅಚ್ಚಿನಲ್ಲಿ ಅಷ್ಟೇ ಕಪ್ಪು. ಆಮೇಲೆ ಲೇಪ ತೆಗೆದು, ಶಾಯಿ ತುಂಬಿ, ಮೇಲ್ಮೈಯನ್ನು ಒರೆಸುತ್ತಾರೆ. ಗೆರೆಯ ಒಳಗಿನ ಶಾಯಿ ಮಾತ್ರ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಭಾರವಾದ ರೋಲರ್ ಕೆಳಗೆ ತಳ್ಳಿದಾಗ, ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತು ಬೀಳುತ್ತದೆ. ಓರೆ ಬೆಳಕಿನಲ್ಲಿ ಆ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಹಾಳೆಗೂ ಶಾಯಿ ತುಂಬಿ ಒರೆಸಬೇಕು. ಒರೆಸುವ ಕೈ ಒಂದೊಂದು ಸಲ ಒಂದೊಂದು ಥರ. ಹಾಗಾಗಿ ಎರಡು ಹಾಳೆ ಪೂರ್ತಿ ಒಂದೇ ಥರ ಬರುವುದೇ ಇಲ್ಲ.

ತಗಡು ಸವೆಯುತ್ತದೆ ಅನ್ನುವುದೂ ಮುಖ್ಯ. ಡ್ರೈಪಾಯಿಂಟ್ ಅನ್ನುವ ವಿಧಾನದಲ್ಲಿ ಆಸಿಡ್ ಬಳಸದೆ ನೇರವಾಗಿ ತಾಮ್ರವನ್ನೇ ಗೀಚುತ್ತಾರೆ. ಗೀಚಿದಾಗ ಎದ್ದ ಲೋಹದ ತೆಳು ಅಂಚು ಶಾಯಿ ಹಿಡಿದುಕೊಂಡು ಮೃದುವಾದ, ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಕೆಲವು ಹತ್ತು ಹಾಳೆ ಅಚ್ಚು ಹಾಕುವಷ್ಟರಲ್ಲಿ ಆ ಅಂಚು ಒತ್ತಿಹೋಗುತ್ತದೆ. ಇಲ್ಲಿ ಎಡಿಷನ್, ಅಂದರೆ ತೆಗೆಯುವ ಒಟ್ಟು ಹಾಳೆಗಳ ಲೆಕ್ಕ, ಚಿಕ್ಕದಾಗಿರುವುದಕ್ಕೆ ತಗಡಿನ ಮಿತಿಯೇ ಕಾರಣ. 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ ಎಷ್ಟೋ ತಗಡುಗಳು ಅವನು ಸತ್ತ ಮೇಲೂ ಉಳಿದವು, 18ನೇ ಶತಮಾನದಲ್ಲಿ ಬೇರೆಯವರು ಅವುಗಳಿಂದ ಮತ್ತೆ ಮತ್ತೆ ಅಚ್ಚು ತೆಗೆದರು. ಗೆರೆ ಅವನದೇ, ತಗಡೂ ಅದೇ. ಆದರೂ ಅವನೇ ಶಾಯಿ ಹಚ್ಚಿ ತೆಗೆದ ಹಾಳೆಗೂ ಸವೆದ ತಗಡಿನ ಹಾಳೆಗೂ ಬೆಲೆಯಲ್ಲಿ ಅಜಗಜಾಂತರ.

ಯಾರ ಕೈ ಅನ್ನುವ ಪ್ರಶ್ನೆಗೆ ಉತ್ತರ ಎಲ್ಲ ಕಡೆಯೂ ಇಷ್ಟು ನೇರವಾಗಿ ಸಿಗುವುದಿಲ್ಲ. ಜಪಾನಿನ ಹೊಕುಸಾಯ್ ಸುಮಾರು 1831ರಲ್ಲಿ ರಚಿಸಿದ ‘ದೊಡ್ಡ ಅಲೆ’ಯ ಚಿತ್ರ ಎಲ್ಲರಿಗೂ ಗೊತ್ತು. ಅದರ ಮರದ ಅಚ್ಚನ್ನು ಅವನು ಕೊರೆಯಲಿಲ್ಲ, ಕಾಗದಕ್ಕೆ ಒತ್ತಿದವನೂ ಅವನಲ್ಲ. ಬರೆದದ್ದು ಅವನು, ಕೊರೆದದ್ದು ಒಬ್ಬ, ಬಣ್ಣ ಹಚ್ಚಿ ಒತ್ತಿದ್ದು ಇನ್ನೊಬ್ಬ, ದುಡ್ಡು ಹಾಕಿದ್ದು ಪ್ರಕಾಶಕ. ಸಾವಿರಾರು ಪ್ರತಿ ಹೊರಟವು, ಯಾವುದರ ಮೇಲೂ ಎಡಿಷನ್ ಸಂಖ್ಯೆ ಇಲ್ಲ. ಆದರೂ ಆ ಕಾಲದ ಅಚ್ಚಿನಿಂದ ಬಂದ ಹಾಳೆಯನ್ನು ಯಾರೂ ನಕಲು ಅನ್ನುವುದಿಲ್ಲ. ಶೀರ್ಷಿಕೆಯ ಚೌಕದ ಗೆರೆ ಎಲ್ಲೆಲ್ಲಿ ಮುರಿದಿದೆ ಅಂತ ನೋಡಿ, ಅಚ್ಚು ಹೊಸದಿದ್ದಾಗ ತೆಗೆದದ್ದೋ ಸವೆದ ಮೇಲೆ ತೆಗೆದದ್ದೋ ಅಂತ ತಿಳಿದವರು ಹೇಳುತ್ತಾರೆ.

ಇವತ್ತಿನ ಪ್ರಿಂಟ್‌ಗಳಲ್ಲಿ ಲೆಕ್ಕ ಹಾಳೆಯ ಮೇಲೇ ಇರುತ್ತದೆ. ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 7/40 ಅಂತ ಬರೆದಿದ್ದರೆ, 40 ಹಾಳೆಗಳ ಎಡಿಷನ್ನಿನಲ್ಲಿ ಇದು ಏಳನೆಯದು ಎಂದರ್ಥ. ಬಲಕ್ಕೆ ಸಹಿ ಇರುತ್ತದೆ. ಏಳನೆಯ ಹಾಳೆ ಮೂವತ್ತನೆಯದಕ್ಕಿಂತ ಮೇಲು ಅಂತೇನಿಲ್ಲ, ಎಲ್ಲ ಒಣಗಿದ ಮೇಲೆ ಕೈಗೆ ಸಿಕ್ಕ ಕ್ರಮದಲ್ಲಿ ಸಂಖ್ಯೆ ಹಾಕುವುದೂ ಉಂಟು. ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಅಂತಿದ್ದರೆ ಕಲಾವಿದರು ತಮಗೆಂದು ಇಟ್ಟುಕೊಂಡ ಪ್ರತಿ. ಇವು ಸಾಮಾನ್ಯವಾಗಿ ಎಡಿಷನ್ನಿನ ಹತ್ತನೇ ಒಂದು ಭಾಗದಷ್ಟಿರುತ್ತವೆ, 40ರ ಲೆಕ್ಕದಲ್ಲಿ ಸೇರುವುದಿಲ್ಲ. ಎಡಿಷನ್ ಮುಗಿದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಕೆಡಿಸುವ ರೂಢಿಯೂ ಇದೆ. ಮತ್ತೆ ಯಾರೂ ಸದ್ದಿಲ್ಲದೆ ಅಚ್ಚು ಹಾಕಬಾರದಲ್ಲ!

ಇಂಕ್‌ಜೆಟ್‌ನಲ್ಲಿ ಸವೆಯುವ ತಗಡಿಲ್ಲ. ಕಂಪ್ಯೂಟರಿನಲ್ಲಿ ಒಂದು ಫೈಲ್ ಇದೆ, ಎಷ್ಟು ಬೇಕಾದರೂ ತೆಗೆಯಬಹುದು. 1990ರ ದಶಕದ ಆರಂಭದಲ್ಲಿ ಇದಕ್ಕೆ ‘ಜಿಕ್ಲೇ’ ಅಂತ ಹೆಸರಿಟ್ಟರು. ಕೇಳಲು ಚೆಂದ, ಒಳಗಿರುವುದು ಒಳ್ಳೆ ಕಾಗದ, ಒಳ್ಳೆ ಶಾಯಿಯ ಇಂಕ್‌ಜೆಟ್ಟೇ. ಕಲಾವಿದರು ಚಿತ್ರವನ್ನು ಕಂಪ್ಯೂಟರಿನಲ್ಲೇ ರಚಿಸಿದ್ದರೆ ಆ ಪ್ರಿಂಟೇ ಅದರ ಮೊದಲ ರೂಪ, ಅದನ್ನು ಮೂಲಕೃತಿ ಅಂತ ಒಪ್ಪಬಹುದು. ಪೇಂಟಿಂಗಿನ ಸ್ಕ್ಯಾನ್ ತೆಗೆದದ್ದಾದರೆ, ಸಹಿ ಇರಲಿ ಸಂಖ್ಯೆ ಇರಲಿ, ಅದು ಚೆಂದದ ಪ್ರತಿ ಅಷ್ಟೆ. ಎರಡರಲ್ಲೂ ‘ಲಿಮಿಟೆಡ್’ ಅನ್ನುವುದು ಬರೀ ಮಾತಿನ ಮೇಲೆ ನಿಂತಿದೆ. 50ರ ಎಡಿಷನ್ ಅಂದರೆ ಒಂದೇ ಅಳತೆಯಲ್ಲಿ 50 ಪ್ರತಿಯೋ, ಮೂರು ಅಳತೆಯಲ್ಲಿ 150 ಪ್ರತಿಯೋ? ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಸಹಿಯೊಂದನ್ನೇ ನಂಬಬೇಡಿ ಅನ್ನುವುದಕ್ಕೆ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಕೊನೆಕೊನೆಗೆ ಆತ ಖಾಲಿ ಹಾಳೆಗಳಿಗೇ ರಾಶಿ ರಾಶಿ ಸಹಿ ಹಾಕಿಕೊಟ್ಟ. ಆಮೇಲೆ ಅವುಗಳ ಮೇಲೆ ಏನು ಅಚ್ಚಾಯಿತು, ಎಷ್ಟು ಅಚ್ಚಾಯಿತು ಅನ್ನುವುದು ಅವನ ಕೈಯಲ್ಲಿರಲಿಲ್ಲ. ಸಹಿ ಅಸಲಿ, ಚಿತ್ರದ ಕಥೆ ದೇವರಿಗೇ ಗೊತ್ತು. ಡಾಲಿಯ ಪ್ರಿಂಟ್ ಅಂದರೆ ಇವತ್ತಿಗೂ ಮಾರುಕಟ್ಟೆ ಹುಬ್ಬು ಗಂಟಿಕ್ಕುತ್ತದೆ.

ಎರಕದ ಶಿಲ್ಪಕ್ಕೂ ಫೋಟೊಗ್ರಫಿಗೂ ಇದೇ ತರ್ಕ. ಕಂಚಿನ ಶಿಲ್ಪವನ್ನು ಒಂದೇ ಅಚ್ಚಿನಿಂದ ಹಲವು ಸಲ ಎರಕ ಹೊಯ್ಯಬಹುದು. ಫ್ರಾನ್ಸಿನಲ್ಲಿ 8 ಸಂಖ್ಯೆಯ ಎರಕ, ಕಲಾವಿದರ ಪಾಲಿನ 4, ಒಟ್ಟು 12ರವರೆಗೆ ಮೂಲಕೃತಿ ಅಂತ ಒಪ್ಪುತ್ತಾರೆ. ಫ್ರಾನ್ಸಿನ ಕಲಾವಿದ ಡೆಗಾ ಮಾಡಿದ ಪುಟ್ಟ ನರ್ತಕಿಯ ಕಂಚಿನ ಪ್ರತಿಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಅವನು 1881ರಲ್ಲಿ ತೋರಿಸಿದ್ದು ಮೇಣದ ಗೊಂಬೆಯನ್ನು. ಕಂಚಿನವು ಎರಕವಾದದ್ದು 1917ರಲ್ಲಿ ಅವನು ತೀರಿಕೊಂಡ ಮೇಲೆ.

ಬೆಲೆ ಎಲ್ಲಿಂದ ಬರುತ್ತದೆ

‘ಒಂದು ಚಿತ್ರಕ್ಕೆ ಇಷ್ಟೊಂದಾ?’ ಅಂತ ಎಲ್ಲರಿಗೂ ಅನಿಸುತ್ತದೆ. ಬೆಲೆ ಗಾಳಿಯಲ್ಲಿ ಹುಟ್ಟುವುದಿಲ್ಲ. ಬದುಕಿರುವ, ಇನ್ನೂ ಬೆಳೆಯುತ್ತಿರುವ ಕಲಾವಿದರು ಹೆಚ್ಚಾಗಿ ಅಳತೆಯ ಲೆಕ್ಕ ಹಿಡಿಯುತ್ತಾರೆ. ಒಂದು ಲೆಕ್ಕದಲ್ಲಿ ಉದ್ದ ಅಗಲ ಗುಣಿಸಿ ಚದರ ಅಂಗುಲಕ್ಕೆ ಇಷ್ಟು ಅನ್ನುತ್ತಾರೆ. 20 ಗುಣಿಸು 30 ಅಂಗುಲದ ಚಿತ್ರ 600 ಚದರ ಅಂಗುಲ, ಅದರ ಎರಡರಷ್ಟು ಉದ್ದಗಲದ್ದು 2400. ಬೆಲೆ ನಾಲ್ಕು ಪಟ್ಟು ಏರಿಬಿಡುತ್ತದೆ. ಇದು ಜಾಸ್ತಿಯಾಯಿತು ಅನ್ನುವವರು ಉದ್ದ ಅಗಲ ಕೂಡಿಸುತ್ತಾರೆ. ಆಗ 50 ಮತ್ತು 100, ದೊಡ್ಡದರ ಬೆಲೆ ಎರಡು ಪಟ್ಟು ಮಾತ್ರ. ಈ ದರ ಕಲಾವಿದರ ಅನುಭವ, ಹಿಂದಿನ ಮಾರಾಟ, ಪ್ರದರ್ಶನಗಳ ಜೊತೆ ನಿಧಾನವಾಗಿ ಏರುತ್ತದೆ. ಒಂದೇ ಅಳತೆಯ ಎರಡು ಚಿತ್ರಕ್ಕೆ ಒಂದೇ ಬೆಲೆ ಯಾಕೆ, ಒಂದು ಚೆನ್ನಾಗಿದೆ ಇನ್ನೊಂದು ಸುಮಾರು ಅಲ್ವಾ ಅಂತ ಅನಿಸಿದರೆ, ಹೌದು, ಲಾಭ ನಿಮ್ಮದೇ. ಚೆನ್ನಾಗಿರುವುದನ್ನು ಆರಿಸಿ.

ಮಾಧ್ಯಮವೂ ಲೆಕ್ಕಕ್ಕೆ ಬರುತ್ತದೆ. ಒಬ್ಬರೇ ಕಲಾವಿದರ ಕಾಗದದ ಕೆಲಸ ಅವರ ಕ್ಯಾನ್ವಾಸಿಗಿಂತ ಸಾಮಾನ್ಯವಾಗಿ ಅಗ್ಗ. ನನ್ನ ಪ್ರಕಾರ ಹೊಸಬರಿಗೆ ಒಳ್ಳೆಯ ದಾರಿ ಇದೇ. ಮೆಚ್ಚಿದ ಕಲಾವಿದರ ದೊಡ್ಡ ಕ್ಯಾನ್ವಾಸ್ ಕೈಗೆಟುಕದಿದ್ದರೆ ಅವರ ಸ್ಕೆಚ್, ಜಲವರ್ಣ, ಎಚಿಂಗ್ ಕೇಳಿ. ದೊಡ್ಡ ಚಿತ್ರದ ಹಿಂದಿನ ಸ್ಕೆಚ್‌ನಲ್ಲಿ ಯೋಚನೆ ಓಡಿದ ದಾರಿ ಕಾಣುತ್ತದೆ. ಕೆಲವೊಮ್ಮೆ ಮುಗಿದ ಚಿತ್ರಕ್ಕಿಂತ ಸ್ಕೆಚ್ಚೇ ಚುರುಕಾಗಿರುತ್ತದೆ.

ಗ್ಯಾಲರಿಯಲ್ಲಿ ಕೊಟ್ಟ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಗ್ಯಾಲರಿಗೆ ಹೋಗುತ್ತದೆ. ಕೇಳಿದ ಕೂಡಲೇ ಅನ್ಯಾಯ ಅನಿಸುತ್ತದೆ. ಆದರೆ ಜಾಗದ ಬಾಡಿಗೆ, ಪ್ರದರ್ಶನ, ಪ್ರಚಾರ, ವರ್ಷಗಟ್ಟಲೆ ಒಬ್ಬ ಕಲಾವಿದರ ಪರ ಮಾತಾಡುವ ಕೆಲಸ, ಎಲ್ಲ ಅದರಲ್ಲೇ ಸೇರಿದೆ. ಹಾಗಾದರೆ ನೇರ ಸ್ಟುಡಿಯೋಗೆ ಹೋದರೆ ಅರ್ಧ ಬೆಲೆಗೆ ಸಿಗಬೇಕಲ್ಲ? ಹೆಚ್ಚಾಗಿ ಸಿಗುವುದಿಲ್ಲ, ಸಿಗಲೂ ಬಾರದು. ಗ್ಯಾಲರಿಯ ಜೊತೆ ಒಪ್ಪಂದವಿರುವ ಕಲಾವಿದರು ಸ್ಟುಡಿಯೋದಲ್ಲೂ ಅದೇ ಬೆಲೆ ಹೇಳುತ್ತಾರೆ. ಇಲ್ಲವಾದರೆ ನಿನ್ನೆ ಗ್ಯಾಲರಿಯಲ್ಲಿ ಕೊಂಡವರು ಇವತ್ತು ಮೂರ್ಖರಾಗುತ್ತಾರೆ. ಗ್ಯಾಲರಿ ಇಲ್ಲದ ಕಲಾವಿದರ ಹತ್ತಿರ ನೇರವಾಗಿ ಕೊಳ್ಳುವಾಗ ತುಸು ಬಿಟ್ಟುಕೊಡುವುದು, ಎರಡು ಚಿತ್ರಕ್ಕೆ ಒಟ್ಟಿಗೆ ಕಡಿಮೆ ಮಾಡುವುದು ಉಂಟು. ಕಂತಿನಲ್ಲಿ ಕೊಡಬಹುದೇ ಅಂತ ಕೇಳಲು ಸಂಕೋಚ ಬೇಡ, ಗ್ಯಾಲರಿಗಳಿಗೂ ಅದು ದಿನನಿತ್ಯದ ಮಾತು.

ಹರಾಜಿನಲ್ಲಿ ಲೆಕ್ಕ ಬೇರೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜು ಸಂಸ್ಥೆ ಕೊಳ್ಳುವವರಿಂದ ತನ್ನ ಪಾಲು ಕೇಳುತ್ತದೆ. ಸಾಮಾನ್ಯವಾಗಿ ಅದು ಶೇ 20ರಿಂದ 25ರ ಆಸುಪಾಸು. 100ಕ್ಕೆ ಕೂಗಿದರೆ ಕೈಬಿಡುವುದು 125, ಅದರ ಮೇಲೆ ತೆರಿಗೆ, ಸಾಗಣೆ. ಹರಾಜಿನ ಪಟ್ಟಿಯಲ್ಲಿ ಅಚ್ಚಾಗುವ ಅಂದಾಜು ಬೆಲೆಯಲ್ಲಿ ಈ ಪಾಲು ಸೇರಿರುವುದಿಲ್ಲ. ಕೂಗಲು ಕೂರುವ ಮುಂಚೆಯೇ ಇದನ್ನು ಸೇರಿಸಿ ನಿಮ್ಮ ಮಿತಿ ಬರೆದಿಟ್ಟುಕೊಳ್ಳಿ.

ಇನ್ನು ಹೂಡಿಕೆಯ ಮಾತು. ‘ಈಗ ತಗೊಳ್ಳಿ, ಹತ್ತು ವರ್ಷದಲ್ಲಿ ಹತ್ತು ಪಟ್ಟಾಗುತ್ತೆ’ ಅನ್ನುವವರಿಂದ ದೂರ ಇರಿ. ಕೋಟಿಗಟ್ಟಲೆಗೆ ಹೋದ ಚಿತ್ರ ಸುದ್ದಿಯಾಗುತ್ತದೆ, ಮರುಮಾರಾಟಕ್ಕೆ ಗಿರಾಕಿಯೇ ಸಿಗದ ಚಿತ್ರಗಳು ಸುದ್ದಿಯಾಗುವುದಿಲ್ಲ. ಮಾರಿದ ಗ್ಯಾಲರಿ ಹೆಚ್ಚಾಗಿ ವಾಪಸ್ ಕೊಳ್ಳುವುದಿಲ್ಲ, ಹರಾಜು ಸಂಸ್ಥೆಗಳು ಬೇಡಿಕೆ ಇರುವ ಹೆಸರುಗಳನ್ನಷ್ಟೇ ಮುಟ್ಟುತ್ತವೆ. ಬೆಲೆ ಏರಿದರೆ ಸಂತೋಷ. ಏರದಿದ್ದರೂ ಬೇಸರವಾಗದಷ್ಟು ದುಡ್ಡು ಮಾತ್ರ ಹಾಕಿ.

ಆರಿಸುವ ಕೆಲಸ

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಹರ್ಬರ್ಟ್ ವೋಗೆಲ್, ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವರ ಹೆಂಡತಿ ಡೊರೊತಿ ನ್ಯೂಯಾರ್ಕಿನಲ್ಲಿ ಒಂದೇ ಮಲಗುವ ಕೋಣೆಯ ಮನೆಯಲ್ಲಿದ್ದರು. ಡೊರೊತಿಯ ಸಂಬಳದಲ್ಲಿ ಸಂಸಾರ, ಹರ್ಬರ್ಟರ ಸಂಬಳದಲ್ಲಿ ಚಿತ್ರ. ಅವರ ನಿಯಮ ಸರಳವಾಗಿತ್ತು: ಸಂಬಳಕ್ಕೆ ಎಟುಕಬೇಕು, ಮನೆಯಲ್ಲಿ ಹಿಡಿಸಬೇಕು. ಆಗಿನ್ನೂ ಹೆಸರು ಮಾಡದ ಕಲಾವಿದರ ಸ್ಟುಡಿಯೋಗಳಿಗೆ ಹೋಗಿ, ಮಾತಾಡಿ, ಎಷ್ಟೋ ಸಲ ಕಂತಿನಲ್ಲಿ ಕೊಂಡರು. ಸಾವಿರಾರು ಕೃತಿಗಳು ಮಂಚದ ಕೆಳಗೆ, ಗೋಡೆಗೆ, ಮಾಡಿಗೆ ತುಂಬಿಕೊಂಡವು. ಮಾರಿದ್ದರೆ ಕುಬೇರರಾಗುತ್ತಿದ್ದರು. 1992ರಲ್ಲಿ ಆ ಸಂಗ್ರಹವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಒಪ್ಪಿಸಲು ಶುರುಮಾಡಿದರು.

ಎಲ್ಲರೂ ವೋಗೆಲ್‌ಗಳಾಗಬೇಕಿಲ್ಲ. ಅವರ ಒಂದು ಅಭ್ಯಾಸ ಮಾತ್ರ ಯಾರಿಗೂ ಉಪಯೋಗ: ಕೊಳ್ಳುವುದಕ್ಕಿಂತ ತುಂಬಾ ಜಾಸ್ತಿ ನೋಡುವುದು. ಪ್ರದರ್ಶನ, ಕಲಾಶಾಲೆಗಳ ವಾರ್ಷಿಕ ಪ್ರದರ್ಶನ, ತೆರೆದ ಸ್ಟುಡಿಯೋ, ಹರಾಜಿನ ಮುಂಚಿನ ವೀಕ್ಷಣೆ, ಇವಕ್ಕೆ ಬಹುಪಾಲು ದುಡ್ಡು ಬೇಡ. ಹೀಗೆ ನೋಡುತ್ತಾ ಹೋದರೆ ಮೊದಲು ಕಣ್ಣಿಗೆ ಬಿದ್ದ ಗಾಢ ಬಣ್ಣದ ಚಿತ್ರಗಳು ಸಪ್ಪೆ ಅನಿಸತೊಡಗುತ್ತವೆ, ಪಕ್ಕಕ್ಕೆ ಸರಿಸಿದ್ದ ಒಂದು ಪುಟ್ಟ ಚಿತ್ರ ಮನಸ್ಸಿನಲ್ಲಿ ಉಳಿದಿರುತ್ತದೆ. ಇಷ್ಟವಾದ ಚಿತ್ರವನ್ನು ಅಂದೇ ಕೊಳ್ಳದೆ ಒಂದು ವಾರ ಬಿಡಿ. ಆ ಚಿತ್ರದಲ್ಲಿ ಏನೇನಿತ್ತು ಅಂತ ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ. ಬರೀ ಬಣ್ಣ ನೆನಪಿಗೆ ಬಂದರೆ ಅದು ಸೋಫಾಕ್ಕೆ ಹೊಂದುತ್ತದೆ ಅಂತ ಇಷ್ಟವಾಗಿರಬಹುದು. ಸೋಫಾ ಬದಲಾಗುತ್ತದೆ, ಚಿತ್ರ ಉಳಿಯುತ್ತದೆ.

ಅಳತೆಯ ವಿಷಯದಲ್ಲಿ ಜನ ತಪ್ಪುವುದು ಹೆಚ್ಚಾಗಿ ಒಂದೇ ಕಡೆಗೆ: ತೀರಾ ಚಿಕ್ಕದನ್ನು ತರುತ್ತಾರೆ. ಗ್ಯಾಲರಿಯಲ್ಲಿ ದೊಡ್ಡದು ಅನಿಸಿದ್ದು ಮನೆಯ ಅಗಲ ಗೋಡೆಯಲ್ಲಿ ಅಂಚೆಚೀಟಿ ಅಂಟಿಸಿದ ಹಾಗೆ ಕಾಣುತ್ತದೆ. ಹಳೆ ಪತ್ರಿಕೆಯನ್ನು ಚಿತ್ರದ ಅಳತೆಗೆ ಕತ್ತರಿಸಿ ಎರಡು ದಿನ ಗೋಡೆಗೆ ಅಂಟಿಸಿಡಿ. ಸೋಫಾ, ಮಂಚದ ಮೇಲೆ ಹಾಕುವುದಾದರೆ ಅದರ ಅಗಲದ ಮೂರನೇ ಎರಡು ಭಾಗದಷ್ಟಿದ್ದರೆ ಕಣ್ಣಿಗೆ ಒಪ್ಪುತ್ತದೆ. ಅಳತೆ ಕೇಳುವಾಗ ಫ್ರೇಮ್ ಸೇರಿಸಿಯೋ ಬಿಟ್ಟೋ ಅಂತ ಕೇಳುವುದನ್ನು ಮರೆಯಬೇಡಿ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಹಗಲು ಬೆಳಕಿನ ಫೋಟೊ, ಅಂಚಿನ ಫೋಟೊ, ಹಿಂಬದಿಯ ಫೋಟೊ, ಪಕ್ಕದಲ್ಲಿ ಮನುಷ್ಯರು ನಿಂತ ಫೋಟೊ ಕೇಳಿ. ಓರೆಯಿಂದ ತೆಗೆದ ಚಿಕ್ಕ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ವಾಪಸಾತಿಯ ನಿಯಮವನ್ನು ದುಡ್ಡು ಕಟ್ಟುವ ಮುಂಚೆ ಓದಿ.

ಕಾಗದಪತ್ರ

ಬದುಕಿರುವ ಕಲಾವಿದರಿಂದ, ಅಥವಾ ಅವರ ಗ್ಯಾಲರಿಯಿಂದ ಕೊಳ್ಳುವಾಗ ನಕಲಿಯ ಭಯ ಅಷ್ಟಿಲ್ಲ. ಅನುಮಾನವಿದ್ದರೆ ಚಿತ್ರದ ಫೋಟೊ ಕಳಿಸಿ ಕಲಾವಿದರನ್ನೇ ಕೇಳಬಹುದು. ಆದರೂ ಬಿಲ್ ಬೇಕೇ ಬೇಕು. ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ, ಪ್ರಿಂಟಾದರೆ ಎಡಿಷನ್ ಸಂಖ್ಯೆ ಅದರಲ್ಲಿರಲಿ. ಅಸಲಿತನದ ಪ್ರಮಾಣಪತ್ರ ಅಂತ ಕೊಡುವ ಹಾಳೆಗೆ, ಅದಕ್ಕೆ ಸಹಿ ಹಾಕಿದವರಿಗೆ ಇರುವಷ್ಟೇ ಬೆಲೆ. ಕಲಾವಿದರದೋ ಅವರ ಗ್ಯಾಲರಿಯದೋ ಸಹಿ ಇದ್ದರೆ ಸರಿ. ಮಾರುವವರೇ ಚಿನ್ನದ ಅಂಚಿನ ಹಾಳೆಯಲ್ಲಿ ತಾವೇ ಬರೆದುಕೊಂಡದ್ದಾದರೆ ಅದು ಬರೀ ಹಾಳೆ.

ತೀರಿಹೋದ, ಹೆಸರಾದ ಕಲಾವಿದರ ಚಿತ್ರಕ್ಕೆ ಬಂದಾಗ ಕೈಯಿಂದ ಕೈಗೆ ಹೇಗೆ ಬಂತು ಅನ್ನುವ ಸರಪಣಿ ಮುಖ್ಯವಾಗುತ್ತದೆ. ಈ ಸರಪಣಿಯನ್ನೂ ಹುಟ್ಟಿಸಬಹುದು. ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಹಳೆಯ ಕಲಾವಿದರ ಶೈಲಿಯಲ್ಲಿ ಹೊಸ ಚಿತ್ರಗಳನ್ನೇ ಬಿಡಿಸುತ್ತಿದ್ದ. ಹಿಂಬದಿಗೆ ಹಳೆಯ ಸಂಗ್ರಹದ ಸುಳ್ಳು ಚೀಟಿ ಅಂಟಿಸುತ್ತಿದ್ದ. ಅವನ ಹೆಂಡತಿ ಅಜ್ಜಿಯ ವೇಷ ಹಾಕಿ, ಆ ಚಿತ್ರಗಳನ್ನು ಹಿಂದಿನ ಗೋಡೆಗೆ ತೂಗುಹಾಕಿಕೊಂಡು, ಹಳೆ ಕಾಲದ್ದೆಂಬಂಥ ಕಪ್ಪುಬಿಳುಪು ಫೋಟೊ ತೆಗೆಸಿಕೊಂಡಿದ್ದಳು. ಸಿಕ್ಕಿಬಿದ್ದದ್ದು ಒಂದು ಬಿಳಿ ಬಣ್ಣದಿಂದ. 1914ರದ್ದು ಅಂತ ಮಾರಿದ ಚಿತ್ರದಲ್ಲಿ ಟೈಟಾನಿಯಂ ವೈಟ್ ಸಿಕ್ಕಿತು, 1914ರಲ್ಲಿ ಆ ಬಣ್ಣ ಕಲಾವಿದರ ಕೈಗೇ ಬಂದಿರಲಿಲ್ಲ. 2011ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅದೇ ವರ್ಷ ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ಬಾಗಿಲು ಹಾಕಿತು. 1846ರಿಂದ ನಡೆದುಬಂದ ಆ ಗ್ಯಾಲರಿಯಲ್ಲಿ ಮಾರಾಟವಾದ ಎಷ್ಟೋ ದೊಡ್ಡ ಹೆಸರಿನ ಚಿತ್ರಗಳು ನಕಲಿ ಅಂತ ಹೊರಬಿತ್ತು. ಅಂಥ ಒಂದರಲ್ಲಿ ಅಮೆರಿಕದ ಹೆಸರಾಂತ ಕಲಾವಿದ ಪೊಲಾಕ್‌ನದೆಂಬ ಸಹಿಯ ಸ್ಪೆಲ್ಲಿಂಗೇ ತಪ್ಪಿತ್ತು! ಹೆಸರಾಂತ ಗ್ಯಾಲರಿ, ಚೆಂದದ ಕಥೆ, ಮಾರುಕಟ್ಟೆಗಿಂತ ಕಡಿಮೆ ಬೆಲೆ, ಈ ಮೂರೂ ಸೇರಿದಾಗ ಓದು ಬಲ್ಲವರೂ ಸಹಿ ಓದುವುದನ್ನು ಮರೆಯುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಚಿತ್ರ ನಿಮ್ಮದಾದರೂ ಅದರ ಹಕ್ಕುಸ್ವಾಮ್ಯ ನಿಮ್ಮದಾಗುವುದಿಲ್ಲ. ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ ಅದು ಕಲಾವಿದರ ಹತ್ತಿರವೇ ಉಳಿಯುತ್ತದೆ. ಬರ್ನ್ ಒಪ್ಪಂದ ಅನ್ನುವ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹೀಗೇ. ಗೋಡೆಗೆ ಹಾಕಿ, ಮಾರಿ, ಮಕ್ಕಳಿಗೆ ಕೊಡಿ, ಅಡ್ಡಿಯಿಲ್ಲ. ಕಪ್ಪಿನ ಮೇಲೆ, ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವಂತಿಲ್ಲ. ಮರುಮಾರಾಟದಲ್ಲಿ ಕಲಾವಿದರಿಗೆ ಸಣ್ಣ ಪಾಲು ಕೊಡಬೇಕೆನ್ನುವ ಕಾನೂನೂ ಹಲವು ದೇಶಗಳಲ್ಲಿದೆ. 1920ರಲ್ಲಿ ಅದನ್ನು ಮೊದಲು ತಂದದ್ದು ಫ್ರಾನ್ಸ್.

ಬೆಳಕು, ತೇವ, ಫ್ರೇಮ್

ಡಚ್ ಕಲಾವಿದ ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರದ ಬಗ್ಗೆ ಬರೆದ ಪತ್ರದಲ್ಲಿ ಗೋಡೆಗಳು ತಿಳಿ ನೇರಳೆ ಅಂದಿದ್ದ. ಈಗ ಆ ಗೋಡೆಗಳು ನೀಲಿ. ನೇರಳೆಗೆ ಬೆರೆಸಿದ ಕೆಂಪು ಬೆಳಕಿಗೆ ಮಾಸಿಹೋಗಿದೆ, ನೀಲಿ ಮಾತ್ರ ಉಳಿದಿದೆ. ಬೆಳಕಿನ ಏಟು ಹೀಗೆ. ಅದು ಸೇರುತ್ತಲೇ ಹೋಗುತ್ತದೆ, ಒಮ್ಮೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಜಲವರ್ಣ ಮತ್ತಿತರ ಕಾಗದದ ಕೃತಿಗಳಿಗೆ ಮ್ಯೂಸಿಯಂಗಳು ಸುಮಾರು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಷ್ಟೇ ಬಿಡುತ್ತವೆ. ನೇರ ಬಿಸಿಲು 1 ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಮನೆಯನ್ನು ಮ್ಯೂಸಿಯಂ ಮಾಡಬೇಕಿಲ್ಲ, ಕಿಟಕಿಯ ಎದುರಿನ ಗೋಡೆಗೆ ಜಲವರ್ಣ ಹಾಕದಿದ್ದರೆ ಸಾಕು. ತೈಲವರ್ಣ, ಅಕ್ರಿಲಿಕ್ ಒಂದಿಷ್ಟು ಜಾಸ್ತಿ ತಾಳುತ್ತವೆ. ಮಾರ್ಕರ್ ಪೆನ್ನಿನಲ್ಲಿ ಮಾಡಿದ್ದು, ಮಿಂಚುವ ಫ್ಲೋರಸೆಂಟ್ ಬಣ್ಣ ಹಚ್ಚಿದ್ದು ತೀರಾ ಬೇಗ ಮಾಸುತ್ತದೆ. ಯಾವ ಬಣ್ಣ ಬಳಸಿದ್ದೀರಿ ಅಂತ ಕಲಾವಿದರನ್ನು ಕೇಳುವುದು ಅಧಿಕಪ್ರಸಂಗವಲ್ಲ.

ಕಾಗದದ ಚಿತ್ರಕ್ಕೆ ಫ್ರೇಮೇ ಮನೆ, ಫ್ರೇಮೇ ಶತ್ರು. ಅಗ್ಗದ ರಟ್ಟಿನಲ್ಲಿ ಆಮ್ಲ ಇರುತ್ತದೆ. ಕೆಲವು ವರ್ಷದಲ್ಲಿ ಅದು ಚಿತ್ರದ ಸುತ್ತ ಕಂದು ಗೆರೆ ಎಳೆಯುತ್ತದೆ. ಹಳೆಯ ಪ್ರಿಂಟ್ ಕೊಳ್ಳುವಾಗ ಫ್ರೇಮಿನಿಂದ ಹೊರಗೆ ತೆಗೆಸಿ ನೋಡಿ ಅನ್ನುವುದು ಇದಕ್ಕೇ. ತೇವದಿಂದ ಬಂದ ಕಂದು ಚುಕ್ಕೆಗಳು, ಹಳೆ ಸೆಲ್ಲೋಟೇಪಿನ ಕಲೆ, ಅಂಚು ಕತ್ತರಿಸಿದ್ದು ಎಲ್ಲ ಆಗಲೇ ಗೊತ್ತಾಗುವುದು. ಫ್ರೇಮ್ ಹಾಕಿಸುವಾಗ ಚಿತ್ರದ ಸುತ್ತ, ಹಿಂದೆ ಹಾಕಲು ಆಮ್ಲವಿಲ್ಲದ ಮೌಂಟ್ ಬೋರ್ಡ್ ಕೇಳಿ. ಚಿತ್ರವನ್ನು ಪೂರ್ತಿ ಅಂಟಿಸಲು ಬಿಡಬೇಡಿ. ತೆಳು ಜಪಾನಿ ಕಾಗದದ ಚೂರುಗಳಿಂದ, ಗಂಜಿಯ ಅಂಟಿನಿಂದ ಮೇಲ್ಗಡೆ ಎರಡು ಕಡೆ ಹಿಡಿಸಿದರೆ ಮುಂದೆ ಯಾವಾಗ ಬೇಕಾದರೂ ಬಿಡಿಸಬಹುದು. ಗಾಜಿಗೆ ಚಿತ್ರ ತಾಗದ ಹಾಗೆ ನಡುವೆ ಜಾಗ ಇರಬೇಕು. ಇದ್ದಿಲಿನ ಚಿತ್ರ, ಪಾಸ್ಟೆಲ್ ಚಿತ್ರಕ್ಕೆ ಪ್ಲಾಸ್ಟಿಕ್ ಹಾಳೆ ಬೇಡ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಬಣ್ಣದ ಪುಡಿಯನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಗಾಜೇ ಸರಿ.

ತೈಲವರ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಒಣಗಲು ತಿಂಗಳುಗಳೇ ಬೇಕು. ಗಾಳಿಯ ಆಮ್ಲಜನಕದ ಜೊತೆ ಸೇರಿ ಎಣ್ಣೆ ಗಟ್ಟಿಯಾಗುತ್ತದೆ, ನೀರಿನಂತೆ ಆರುವುದಲ್ಲ. ಹೊಸದಾಗಿ ಬಿಡಿಸಿದ ಚಿತ್ರವನ್ನು ತರುವಾಗ ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಮೂಡಿಬಿಡುತ್ತದೆ. ಮೊದಲು ನುಣುಪಾದ ಗ್ಲಾಸೀನ್ ಕಾಗದ, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆಗಳು ಹೊರಮುಖವಾಗಿ. ಮನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸುವುದು ಬೇಡ, ಮೆತ್ತನೆ ಒಣ ಕುಂಚದಿಂದ ಧೂಳು ಕೊಡವಿದರೆ ಸಾಕು. ಬಚ್ಚಲ ಗೋಡೆಗೆ ತಾಗಿದ ಗೋಡೆ, ಮಳೆಗೆ ಚೌಗು ಹಿಡಿಯುವ ಗೋಡೆ, ಒಲೆಯ ಪಕ್ಕದ ಗೋಡೆ, ಇವನ್ನು ಬಿಟ್ಟುಬಿಡಿ.

ತೂಗುಹಾಕುವ ಎತ್ತರಕ್ಕೆ ಗ್ಯಾಲರಿಗಳ ಲೆಕ್ಕವೇ ಸಾಕು: ಚಿತ್ರದ ನಡುಮಧ್ಯ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್. ಮೊಳೆ ಹೊಡೆಯುವ ಜಾಗ ಬೇರೆ. ತಂತಿಯನ್ನು ಬಿಗಿಯಾಗಿ ಮೇಲಕ್ಕೆಳೆದಾಗ ಅದರ ತುದಿಯಿಂದ ಚಿತ್ರದ ಮಧ್ಯಕ್ಕೆ ಎಷ್ಟು ದೂರವೋ ಅಷ್ಟನ್ನು ಇದಕ್ಕೆ ಕೂಡಿಸಿ. ಭಾರದ ಚಿತ್ರಕ್ಕೆ ಒಂದರ ಬದಲು ಎರಡು ಕೊಕ್ಕೆ ಹಾಕಿದರೆ ಪದೇ ಪದೇ ವಾಲುವುದೂ ತಪ್ಪುತ್ತದೆ. ಗೋಡೆಗೇರಿಸುವ ಮುಂಚೆ ಮುಂಬದಿ, ಹಿಂಬದಿ, ಸಹಿಯ ಫೋಟೊ ತೆಗೆದು ಬಿಲ್ಲಿನ ಜೊತೆ ಒಂದೇ ಕಡೆ ಇಡಿ. ವಿಮೆ ಮಾಡಿಸುವಾಗಲೂ ಮುಂದೆ ಮಾರುವಾಗಲೂ ಮೊದಲು ಕೇಳುವುದು ಅದನ್ನೇ.